ರಸ್ತೆಗೆ ಅಡ್ಡಬಿದ್ದ ಮರ

ಅಂಡಮಾನಿನ ಈ ಕಾಡಿನ ರಸ್ತೆಯಲ್ಲಿ ಚಾಲಕ ನಡುಹಗಲಲ್ಲೇ ಜೀಪಿನ ದೀಪ ಹಾಕಿದ್ದ. ಮರಗಳ ನಡುವೆ ಆಕಾಶವೇ ಕಾಣುತ್ತಿರಲಿಲ್ಲ.

"ನಮ್ಮೂರು ತಾಂಬಾದಾಗ ನೆಳ್ಳು ಹುಡುಕ್ತೇವಿ, ಇಲ್ಲಿ ಬಿಸಲು ಹುಡುಕಬೇಕು ನೋಡು ತಮ್ಮಾ," ಎಂದಳು ಅಕ್ಕ. ಗಂಡ ಸತ್ತವಳು ಕಡಲು ದಾಟಬಾರದೆಂದು ಮುದ್ದೇಬಿಹಾಳದ ಅವಳ ಮಾವ ತಡೆದಿದ್ದರು. ಮದರಾಸಿನಲ್ಲಿ ನನಗಿಂತ ಮೊದಲು ಹಡಗು ಹತ್ತಿದವಳು ಅವಳೇ.

ತಿರುವಿನಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಸಮುದ್ರದಂಡೆಗೆ ಇನ್ನೂ ಒಂದು ಮೈಲಿ. ಜಿಗಣೆಗಳಿವೆ, ಹೆಂಗಸರು ನಡೆಯಲಾರರು, ತಿರುಗಿ ಹೋಗೋಣ ಎಂದು ಚಾಲಕ ಹಿಂದಿಯಲ್ಲಿ ಹೇಳಿದ. ನಾನೂ ತಲೆಯಾಡಿಸಿದೆ.

"ಏನಂತಾನ ಅಂವಾ?" ಅಕ್ಕ ಕೇಳಿದಳು. ಹೇಳಿದೆ.

"ತಿರುಗಿ ಹೋಗಾಕ ನಾ ಇಷ್ಟು ದೂರ ಬಂದಿಲ್ಲ ಅಂತ ಹೇಳು. ಬೇಕಾದ್ರ ನೀವಿಬ್ಬರೂ ಇಲ್ಲೇ ಕುಂದರ್ರಿ."

ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಮರ ಹತ್ತಿದಳು. ಆಚೆ ಬದಿಯಲ್ಲಿ ಒಂದು ಬಸ್ಸು ನಿಂತಿತ್ತು. ಜನ ಒಳಗೇ ಕೂತಿದ್ದರು. ಅಕ್ಕನನ್ನು ಕಂಡು ಮೀನು ಮಾರುವವಳೊಬ್ಬಳು ಬುಟ್ಟಿ ಹೊತ್ತು ಇಳಿದು ಬಂದಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ಅಕ್ಕ ಮೊದಲು ಆ ಬುಟ್ಟಿಯನ್ನು ಇಸಿದುಕೊಂಡಳು, ಆಮೇಲೆ ಅವಳ ಕೈ ಹಿಡಿದು ಮೇಲೆಳೆದಳು.