ಚಪ್ಪಲಿಯಡಿ ಹೊಸಕಿದ ಸಿಗಾರ್

ಕಳೆದ ದೀಪಾವಳಿಯ ಹಿಂದಿನ ದಿನ ಸಂಜೆ, ಐದರ ಸುಮಾರಿಗೆ, ನಾನು ಶಹಾಪುರ ಬಸ್ ನಿಲ್ದಾಣದ ಎದುರು ಮೆಹಬೂಬಸಾಬರ ಪಾನ್ ಅಂಗಡಿಯ ಎಡಮಗ್ಗುಲಲ್ಲಿ ನಿಂತಿದ್ದೆ. ಕೈಯಲ್ಲಿ ಬೆರಳುದ್ದದ ಅಗ್ಗದ ಸಿಗಾರ್ ಇತ್ತು. ಅದರ ರುಚಿ ಹತ್ತಿ ಇನ್ನೂ ತಿಂಗಳಾಗಿರಲಿಲ್ಲ.

"ಬೀಡಿ ಜಗ್ಗಿದಂಗ ಜಗ್ಗಬ್ಯಾಡ್ರಿ ಮಾಸ್ತರ. ಹೊಗಿ ಬಾಯಾಗ ಆಡಿಸಿ ಬಿಡ್ರಿ," ಎಂದು ಮೆಹಬೂಬಸಾಬರು ನಕ್ಕರು. ಹಾಗೆ ಮಾಡಿದೆ. ನಾಲಿಗೆಯ ಮೇಲೆ ಹುರಿದ ಕಡಲೆಯಂಥ ರುಚಿ ನಿಂತಿತು.

ಅಷ್ಟರಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ರಸ್ತೆ ದಾಟಿ ನೇರವಾಗಿ ನನ್ನ ಕಡೆ ಬಂದರು. ಹಿರಿಯರ ಮುಂದೆ ಸೇದಬಾರದೆಂದು ಬೆಳೆದವನು ನಾನು. ಗಡಬಡಿಸಿ ಸಿಗಾರನ್ನು ಕೆಳಗೆ ಹಾಕಿ ಚಪ್ಪಲಿಯಿಂದ ಹೊಸಕಿದೆ.

ಅವರು ನನ್ನ ಕಾಲಿನ ಕಡೆಗೇ ನೋಡಿದರು. "ಯಾಕ ಆರಿಸಿದ್ಯೋ ಯಪ್ಪಾ? ಆ ವಾಸನಿ ಹಿಡಕೊಂಡೇ ಬಂದೇನಿ. ನಮ್ಮ ಮನಿಯವರು ಚುಟ್ಟಾ ಸೇದತಿದ್ರು. ಅವರು ಹೋದ ಮ್ಯಾಲ ಇವತ್ತೇ ಮೂಗಿಗಿ ಬಂದಿತ್ತು."

ಅಂಗಡಿಯಲ್ಲಿ ಇನ್ನೊಂದು ಸಿಗಾರ್ ಇರಲಿಲ್ಲ. ಮೆಹಬೂಬಸಾಬರು ಆಗತಾನೇ ನೆಲಕ್ಕೆ ನೀರು ಚಿಮುಕಿಸಿದ್ದರು. ತೊಯ್ದ ತುಂಡನ್ನೇ ಎತ್ತಿ ಮೇಲಿಂದ ಮೇಲೆ ಕಡ್ಡಿ ಗೀರಿದೆ. ಹೊತ್ತಲಿಲ್ಲ. ದೋರನಹಳ್ಳಿ ಬಸ್ ಬಂತು. "ಇರ್ಲಿ ಬಿಡಪ್ಪಾ," ಎಂದು ಅವರು ಹತ್ತಿ ಹೋದರು.

ಆಮೇಲೆ ಜೇಬಿನಲ್ಲಿ ಎರಡು ಸಿಗಾರ್ ಇಟ್ಟುಕೊಂಡು ಅದೇ ಜಾಗದಲ್ಲಿ ಎಷ್ಟೋ ಸಂಜೆ ಕಾದೆ. ಗುರುತು ಹೇಳಿ ವಿಚಾರಿಸಿದಾಗ, ಯುಗಾದಿಗೆ ಮುಂಚೆಯೇ ಆ ಅವ್ವ ತೀರಿಕೊಂಡರೆಂದು ದೋರನಹಳ್ಳಿ ಬಸ್ಸಿನ ಕಂಡಕ್ಟರ್ ಹೇಳಿದ. ಆ ಸಂಜೆ ಅವ್ವ ನನ್ನ ಚಪ್ಪಲಿಯನ್ನು ನೋಡುತ್ತ ನಿಂತದ್ದನ್ನು ಕಂಡವರು ನನ್ನ ಹೊರತು ಮೆಹಬೂಬಸಾಬರೊಬ್ಬರೇ. ಅವರು ಈಗಲೂ ಅದೇ ಅಂಗಡಿಯಲ್ಲಿದ್ದಾರೆ, ಬೇಕಾದರೆ ಕೇಳಿ ನೋಡಿ.