ಬಕೆಟ್ಟಿನಲ್ಲಿ ಬಾಯಿ ಬಿಟ್ಟ ಬಳಚು

ಮೊನ್ನೆ ಬೆಳಿಗ್ಗೆ ಯಶವಂತಪುರದಲ್ಲಿ ಊರಿಂದ ಬರೋ ಬಸ್ಸಿಗೆ ಕಾಯ್ತಾ ನಿಂತಿದ್ದೆ. ನೆಂಟರಿಗಲ್ಲ, ಒಂದು ಒದ್ದೆ ಗೋಣಿಚೀಲಕ್ಕೆ!

ಚೀಲದಲ್ಲಿ ಬಳಚು. ನಮ್ಮೂರಲ್ಲಿ ಹೊಳೆ ಸಮುದ್ರ ಸೇರೋ ಅಳಿವೆ ಇದೆ. ನೀರಿಳಿದಾಗ ಅಲ್ಲಿ ಕೆಸರಿಗೆ ಕೈ ಹಾಕಿ ತೆಗೆಯೋ ಚಿಪ್ಪು ಇದು. (ಬೆಂಗಳೂರಿನವರು ನೋಡಿದ್ರೆ ಕಲ್ಲು ಅಂತೀರಿ. ತಿಂದವರು ಏನೂ ಅನ್ನಲ್ಲ, ಇನ್ನೊಂದು ತುತ್ತು ಕೇಳ್ತಾರೆ.)

ಮಗಳು ಸವಿತಾಗೆ ಈಗ ಏಳು ತಿಂಗಳು. ಹೆರಿಗೆಗೆ ಅಂತ ಅಬ್ಬಿಗೆರೆಯ ನಮ್ಮ ಮನೆಗೆ ಬಂದಿದಾಳೆ. ಬಂದ ದಿನದಿಂದ ಒಂದೇ ಬಯಕೆ. "ಅಪ್ಪಾ, ಅತ್ತೆ ಮಾಡೋ ಬಳಚಿನ ಸುಕ್ಕಾ." (ಕಾಯಿ ಮಸಾಲೆ ಹಾಕಿದ ಒಣ ಪಲ್ಯ.) ಊರಲ್ಲಿರೋ ನಮ್ಮಕ್ಕನಿಗೆ ಫೋನ್ ಮಾಡಿದೆ. ಕಳಿಸಿದಳು.

ಬಳಚಿಗೆ ಒಂದು ಕ್ರಮ ಇದೆ. ಉಪ್ಪುನೀರಲ್ಲಿ ಹಾಕಿಡಬೇಕು. ನಿಧಾನಕ್ಕೆ ಬಾಯಿ ಬಿಟ್ಟು ಮರಳು ಉಗುಳುತ್ತೆ. ಉಗುಳಿದ ಮೇಲೆ ಶುದ್ಧ ಅಂತ ನಮ್ಮ ನಂಬಿಕೆ. ಸವಿತಾ ಬಕೆಟ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಳು.

"ಒಂದು ಬಾಯಿ ಬಿಡ್ತು ಅಪ್ಪಾ!"

ಅಷ್ಟರಲ್ಲಿ ಅಕ್ಕನ ಫೋನು. "ಮುಟ್ತೇನೋ ತಮ್ಮಾ? ಈ ಸಲ ದೊಡ್ಡ ದೊಡ್ಡದೇ ಸಿಕ್ತು. ದಂಡೆ ಮೇಲೆ ಹೊಸ ಕಾರ್ಖಾನೆ ಬಂದಿದೆಯಲ್ಲ, ಅದರ ಪೈಪಿನ ಬುಡದಲ್ಲಿ."

"ಎಂಥ ಕಾರ್ಖಾನೆ?"

"ನಲ್ಲಿಗೆ ಹೊಳಪು ಹಾಕೋದು. ನಿಂದೇ ಕೆಲಸ ಮಾರಾಯಾ!"

ನಾನು ಇಲ್ಲೇ ಅಬ್ಬಿಗೆರೆಯ ಪ್ಲೇಟಿಂಗ್ ಶಾಪಿನವನು, ಲೋಹಕ್ಕೆ ಹೊಳಪಿನ ಲೇಪ ಹಾಕೋದು ನನ್ನ ಕೆಲಸ. ದಿನಾ ನಿಕ್ಕಲ್, ಕ್ರೋಮಿಯಂ ಜೊತೇಲೇ ಬಾಳು. ನಲವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೋನು. (ಇದನ್ನೂ ಒಂದೇ ಬೆರಳಲ್ಲಿ ಟೈಪ್ ಮಾಡ್ತಿದೀನಿ.) ಆಗ ಓದಿದ್ದು ನೆನಪಾಯ್ತು. ಚಿಪ್ಪಿನ ಜೀವಿ ನೀರು ಸೋಸಿ ಬದುಕುತ್ತೆ. ಮರಳನ್ನೇನೋ ಉಗುಳುತ್ತೆ, ಮಾಂಸಕ್ಕೆ ಸೇರಿದ ಲೋಹ ಉಗುಳುತ್ತಾ?

ಸವಿತಾಗೆ ಹೇಳಿದೆ. "ಚೆನ್ನಾಗಿ ಬೇಯಿಸಿದ್ರೆ?" ಅಂದಳು.

"ನಮ್ಮ ನಿಕ್ಕಲ್ ಟ್ಯಾಂಕು ದಿನವೆಲ್ಲಾ ಬಿಸಿ ಇರುತ್ತಮ್ಮ. ಆವಿಯಾಗೋದು ನೀರು ಮಾತ್ರ. ನಿಕ್ಕಲ್ ಅಲ್ಲೇ ಇರುತ್ತೆ."

"ಒಂದೇ ಒಂದು ಅಪ್ಪಾ..."

ಬೇಡ ಅಂದೆ. ಬಸುರಿ ಮಗಳಿಗೆ ಬೇಡ ಅನ್ನೋದು ಎಷ್ಟು ಕಷ್ಟ ಗೊತ್ತಾ?

ಅದೇ ಮಸಾಲೆ ಹುರಿದು, ಆಲೂಗಡ್ಡೆ ಹಾಕಿ ಸುಕ್ಕಾ ಮಾಡಿದೆ. ಕಣ್ಣು ಮುಚ್ಕೊಂಡು ತಿಂದಳು. "ಅಳಿವೆ ತನಕ ಹೋದಂಗಾಯ್ತಪ್ಪ. ನೀರಿಗೆ ಇಳಿಯಕ್ಕೆ ಮಾತ್ರ ಆಗ್ಲಿಲ್ಲ."

ಬಳಚನ್ನ ಹಿತ್ತಲಲ್ಲಿ ಹೂಳ್ತಿದ್ದೆ. ಕೆಳಗಿನ ಮನೆ ಮುನಿಯಮ್ಮ, ಅಬ್ಬಿಗೆರೆ ಹಳ್ಳಿಯಾಗಿದ್ದಾಗಿಂದ ಇಲ್ಲೇ ಇರೋರು, ನೋಡ್ತಾ ನಿಂತಿದ್ರು. ವಿಷಯ ಹೇಳಿದೆ.

"ನಮ್ ಕೆರೆ ಅಂಚಲ್ಲೂ ಒನಗೊನ್ನೆ ಸೊಪ್ಪು ಬತ್ತಿತ್ತು ಕಣಪ್ಪ. ನನ್ ಮಗಳೂ ಬಸ್ರೀಲಿ ಅದೇ ಬೇಕು ಅಂತ ಅತ್ತಿದ್ಳು. ನಾನೂ ಇಂಗೇ ಬ್ಯಾಡ ಅಂದೆ." ನನ್ನ ಕಡೆ ತಿರುಗಿ ಅಂದ್ರು, "ನಿಮ್ ಶಾಪಿನ್ ನೀರು ಅಲ್ಗೇ ಅಲ್ವಾ ಓಗೋದು?"

ಗುಂಡಿಗೆ ಇನ್ನೊಂದು ಸಲಿಕೆ ಮಣ್ಣು ಎಳೆದೆ.

ಮಾರನೇ ದಿನ ಶಾಪಲ್ಲಿ ತೊಳೆದ ನೀರು ಮೋರಿಗೆ ಬಿಡೋ ಹೊತ್ತು. ವರ್ಷಗಟ್ಟಲೆ ನಾನೇ ತಿರುಗಿಸಿದ ವಾಲ್ವು. ಕೈ ಏಳಲಿಲ್ಲ.

"ಏನ್ ಗುರು, ನಿಂತ್ಕೊಂಡೇ ನಿದ್ದೆನಾ?" ಅಂದ್ರು ಮಾಲೀಕರು.

ಕೇಳೇಬಿಟ್ಟೆ: "ಸಾರ್, ನಿಮ್ಮ ಮಗಳು ಬಸುರಿಯಾಗಿ ಈ ಮೋರಿ ಸೇರೋ ಕೆರೆ ಸೊಪ್ಪೇ ಬೇಕು ಅಂದಿದ್ರೆ, ಈ ನೀರು ಎಲ್ಲಿಗೆ ಬಿಡು ಅಂತಿದ್ರಿ?"