ಮಂಚದ ಮೇಲಿನ ರೋಲರ್ ಡ್ರೈವರ್

ಅಂಗಳದಲ್ಲಿ ಪುಟ್ಟ ರೋಲರ್ ನಿಂತ ಮೇಲೂ ಅದರೊಳಗೆ ಏನೋ ಗುಂಯ್‌ಗುಡುತ್ತಲೇ ಇರುತ್ತದಲ್ಲ, ಮಹಾಲಕ್ಷ್ಮೀಗೆ ಅದೇ ಚಿಂತೆ. ಮಗುವಿಗೆ ಅನ್ನ ಕಲೆಸುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಗುಂಯ್‌ಗುಡುವ ಆ ಪುಟ್ಟ ಮೋಟಾರು, ಆ ಸರ್ವೊ, ಸುಟ್ಟುಹೋದರೆ ಮಾವನ ಗತಿ ಏನು?

ಮಾವ ಸೀತಾರಾಮಪ್ಪ ಪಿಡಬ್ಲ್ಯುಡಿಯಲ್ಲಿ ಹಬೆ ರೋಲರ್ ಓಡಿಸಿದವರು. ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ, ಆ ದಾರಿಯ ಜಲ್ಲಿಯೆಲ್ಲ ಅವರ ಚಕ್ರದಡಿ ಕೂತದ್ದು. ಎಂಬತ್ತೆರಡನೆಯ ಇಸವಿಯಲ್ಲಿ ಸೊಂಟ ಮುರಿದು ಮಂಚ ಹಿಡಿದಾಗ, ಬೊಂಬಾಯಿಯ ಬಂದರಿನಲ್ಲಿ ಫಿಟ್ಟರ್ ಆಗಿದ್ದ ಮಗ ಗಜಾನನ ಆಟಿಕೆಯಷ್ಟು ದೊಡ್ಡ ಈ ರೋಲರ್ ಮಾಡೆಲ್ ತಂದುಕೊಟ್ಟ. ನೀರು ತುಂಬಿ ಸ್ಪಿರಿಟ್ ದೀಪ ಹಚ್ಚಿದರೆ ನಿಜವಾದ ಹಬೆಯಲ್ಲೇ ಓಡುವಂಥದು. ಮಂಚದಿಂದಲೇ ರೇಡಿಯೊ ಪೆಟ್ಟಿಗೆಯ ಕಡ್ಡಿ ಸರಿಸಿದರೆ, ರೋಲರಿನೊಳಗಿನ ಸರ್ವೊ ಎಂಬ ಬೆಂಕಿಪೊಟ್ಟಣದಷ್ಟು ಮೋಟಾರು ತಂತಿಯೊಂದನ್ನು ಆಡಿಸಿ ಹಬೆಯ ವಾಲ್ವು ತೆರೆಯುತ್ತದೆ, ಮುಚ್ಚುತ್ತದೆ. ಮುಂದಿನ ಚಕ್ರ ಕೊಂಚ ಓರೆಯಾಗಿ ಕೂತಿದ್ದರಿಂದ ಅಂಗಳವನ್ನು ತಾನೇ ಸುತ್ತುತ್ತಿತ್ತು.

ರೂಮು ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆಂದು ಗಜಾನನ ಹೆಂಡತಿ ಮಗುವನ್ನು ಇಲ್ಲೇ ಬಿಟ್ಟು ಹೋದ. ರೂಮು ಸಿಗಲೇ ಇಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಓದಿದವಳು ಈಗ ಬಾವಿಕಟ್ಟೆಯಿಂದ ಒಲೆಗೆ, ಒಲೆಯಿಂದ ಮಂಚಕ್ಕೆ. ಮಾವ ದಿನವೆಲ್ಲ ರೇಗುತ್ತಿದ್ದರು. ರೋಲರ್ ಓಡುವಷ್ಟು ಹೊತ್ತು ಮಾತ್ರ ಹಾಸಿಗೆಯಲ್ಲಿ ಇರುತ್ತಿರಲಿಲ್ಲ, ರಸ್ತೆಯಲ್ಲಿ ಇರುತ್ತಿದ್ದರು.

ತೊಂದರೆ ಇದ್ದದ್ದು ಅವರ ಹೆಬ್ಬೆರಳಿನಲ್ಲಿ. ಕೆಲಸದ ದಿನಗಳಲ್ಲಿ, ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ ವಾಲ್ವಿನಿಂದ ಹಬೆ ಒಂದೆಳೆ ಸೋರಿದರೂ ರೋಲರ್ ಕಂದಕಕ್ಕೆ. ಹಾಗಾಗಿ ಅವರಿಗೆ ಮುಚ್ಚುವುದೆಂದರೆ ಒತ್ತಿ ಮುಚ್ಚುವುದು. ಇಲ್ಲೂ ಕಡ್ಡಿಯನ್ನು ಕೊನೆಯವರೆಗೆ ತಳ್ಳಿ ಹಾಗೇ ಬಿಡುವರು. ವಾಲ್ವು ಮುಚ್ಚಿಯಾಗಿದೆ, ತಂತಿಗೆ ಮುಂದೆ ಜಾಗವಿಲ್ಲ, ಸರ್ವೊ ಮಾತ್ರ ತಳ್ಳುತ್ತಲೇ ಬಿಸಿಯಾಗುತ್ತದೆ. ಅವರು ಕಣ್ಣು ಮುಚ್ಚಿದಾಗ ಇವಳು ಕಡ್ಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವಳು. ಎಚ್ಚರವಾದೊಡನೆ ಅವರು ಮತ್ತೆ ಕೊನೆಗೆ ತಳ್ಳುವರು.

ಕೊನೆಗೆ ಬಾಲ್‌ಪೆನ್ನಿನ ಸ್ಪ್ರಿಂಗೊಂದನ್ನು ತಂತಿಯ ನಡುವೆ ಕೂರಿಸಿದಳು. ವಾಲ್ವು ಮುಚ್ಚಿದ ಮೇಲಿನ ಒತ್ತಡವನ್ನೆಲ್ಲ ಅದು ನುಂಗಿಕೊಂಡಿತು. ಮೊದಲ ಸುತ್ತಿಗೇ ಮಾವನಿಗೆ ಗೊತ್ತಾಯಿತು.

"ಎಂತ ಮಾಡಿದ್ಯೆ? ಕೈಗೆ ಸಡಿಲ ಅನ್ಸ್ತದೆ."

"ಸ್ಪ್ರಿಂಗ್ ಹಾಕಿದೀನಿ ಮಾವ, ಸರ್ವೊಗೆ ಭಾರ ಬೀಳ್ಬಾರ್ದು ಅಂತ."

"ನನ್ನ ಕೈಗೂ ಹಬೆಗೂ ನಡುವೆ ಇನ್ನೊಬ್ರು ಎಂತಕ್ಕೆ? ತೆಗಿ."

"ಸೇಫ್ಟಿ ವಾಲ್ವಿಗೂ ಸ್ಪ್ರಿಂಗ್ ಇರುತ್ತಲ್ವಾ?"

"ಅದು ಹಬೆ ಬಿಡೋದಕ್ಕೆ ಮಾರಾಯ್ತಿ, ಇದು ಹಿಡಿಯೋದಕ್ಕೆ. ಕಾಲೇಜಲ್ಲಿ ಇಷ್ಟೂ ಹೇಳ್ಕೊಡ್ಲಿಲ್ವಾ?"

ತೆಗೆದಳು.

ಮುಂದಿನ ವಾರ ಒಂದು ಮಧ್ಯಾಹ್ನ ಕಡ್ಡಿ ಸರಿಸಿದರೂ ರೋಲರ್ ಅಲುಗಲಿಲ್ಲ. ಸುಟ್ಟ ವಾಸನೆ. ಹಬೆ ತುಂಬಿಕೊಂಡು ಸುಮ್ಮನೆ ನಿಂತಿತು. ಸೀತಾರಾಮಪ್ಪ ಮತ್ತೆ ಮತ್ತೆ ಕಡ್ಡಿ ಆಡಿಸಿದರು.

"ದೀಪ ಆರ್ಸು," ಎಂದರು ಕಡೆಗೆ. "ಗಜ್ಜುಗೆ ಹೇಳ್ಬೇಡ."

ಗೋಡೆಯ ಕಡೆ ತಿರುಗಿದವರು ಮರುದಿನವೂ ತಿರುಗಿಯೇ ಇದ್ದರು. ಗಂಜಿ ಹಾಗೇ ಆರಿತು. ರೇಗಲೂ ಇಲ್ಲ, ಅದೇ ಅವಳಿಗೆ ಹೆದರಿಕೆ. ಫೋನ್ ಇದ್ದದ್ದು ಜಲಜಮ್ಮನ ದಿನಸಿ ಅಂಗಡಿಯಲ್ಲಿ. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಕೇರಿಯ ಮಾತು. ಸೊಸೆ ಮಾವನ ಮೇಲೆ ದೂರು ಹೇಳಿದಳು ಅಂದುಬಿಟ್ಟರೆ? ಮೂರನೆಯ ದಿನ ಮಗುವನ್ನು ಎತ್ತಿಕೊಂಡು ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದಳು.

"ಅಂತೂ ಬೊಂಬಾಯಿ ನೆನಪಾತಾ?" ಎಂದು ಜಲಜಮ್ಮ ತಕ್ಕಡಿ ಬಿಟ್ಟು ಹತ್ತಿರವೇ ಕೂತರು.

ಲೈನು ಸಿಕ್ಕಿತು. "ಅಪ್ಪಂಗೆ ಏನಾಯ್ತು?" ಎಂದ ಗಜಾನನ.

"ಸರ್ವೊ ಸುಟ್ಟುಹೋಯ್ತು. ಊಟ ಬಿಟ್ಟಿದಾರೆ."

"ನೀನು ನೋಡ್ಕೋಬಾರ್ದಿತ್ತಾ?"

ಜಲಜಮ್ಮ ಕತ್ತು ಮುಂದೆ ಚಾಚಿದರು. ಮಹಾಲಕ್ಷ್ಮೀ ದನಿ ತಗ್ಗಿಸಲಿಲ್ಲ.

"ನೋಡ್ಕೊಂಡೆ. ಸ್ಪ್ರಿಂಗ್ ಹಾಕಿದ್ದೆ, ತೆಗೆಸಿದ್ರು. ಹೊಸದನ್ನ ಪಾರ್ಸಲ್ ಮಾಡ್ಬೇಡಿ, ನೀವೇ ತಗೊಂಡು ಬನ್ನಿ. ಎದುರಿಗೆ ಕೂತು ಅವರಿಗೆ ಹೇಳಿ."

"ರಜ ಸಿಗ್ಬೇಕಲ್ಲ ಮಾರಾಯ್ತಿ."

"ಅವರು ಆ ಮಂಚ ಬಿಟ್ಟು ಏಳೋ ಹಾಗಿಲ್ಲ. ನಾನು ಅವರನ್ನ ಬಿಟ್ಟು ಏಳೋ ಹಾಗಿಲ್ಲ. ಎದ್ದು ಬರೋಕೆ ಆಗೋದು ನಿಮ್ಮೊಬ್ಬರಿಗೇ."

ಮೂರು ನಿಮಿಷ ಆಯಿತು, ಮುಂದುವರಿಸಬೇಕೇ ಎಂದು ನಡುವೆ ಕೇಳಿದಳು ಆಪರೇಟರ್.

"ಮುಂದುವರಿಸಿ," ಎಂದಳು ಮಹಾಲಕ್ಷ್ಮೀ.